ಕಣದಲ್ಲಿ ಅಳೆದ ಪಾಲು

“ಸಾರ್, ದಾನ ಮಾಡಿದ್ದನ್ನ ಹೇಳ್ಕಂಡ್ರೆ ಪುಣ್ಯ ಬರಲ್ವಂತೆ, ನಿಜಾನಾ ಸಾರ್?”

ಸಂಜೆ ಆಟ ಮುಗಿಸಿ ಹುಡುಗರು ಬೇವಿನ ಮರದ ಬುಡದಲ್ಲಿ ಕೂತು ಕಾಲಿನ ಮಣ್ಣು ಕೊಡವಿಕೊಳ್ಳುತ್ತಿದ್ದರು. ಕೇಳಿದವನು ನಮ್ಮ ಗೋಲ್‌ಕೀಪರ್, ಒಂಬತ್ತನೇ ಕ್ಲಾಸು. ಯಾರದೋ ಮೊಬೈಲಿನಲ್ಲಿ ಫುಟ್ಬಾಲ್ ಆಟಗಾರ ಸಾಡಿಯೊ ಮಾನೆಯ ವಿಡಿಯೊ ನೋಡಿದ್ದಾನೆ. ಸೆನೆಗಲ್ ದೇಶದ ಬಂಬಾಲಿ ಎನ್ನುವ ಹಳ್ಳಿಯವನು, ಹುಟ್ಟಿದ ಊರಿಗೆ ಶಾಲೆ ಕಟ್ಟಿಸಿದ, ಆಸ್ಪತ್ರೆ ಕಟ್ಟಿಸಿದ ಎಂದು ಅದರಲ್ಲಿತ್ತು. ಮನೆಗೆ ಹೋಗಿ ಅಜ್ಜಿಗೆ ಹೇಳಿದ್ದಕ್ಕೆ ಅಜ್ಜಿ, “ಕೊಟ್ಟಿದ್ದನ್ನ ಊರಿಗೆಲ್ಲಾ ಸಾರ್ಕಂಡು ಬಂದ್ರೆ ಅದೆಂಥ ದಾನವಪ್ಪ? ಬಲಗೈಲಿ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರ್ದು” ಅಂದಿದ್ದಾರೆ.

“ಹೇಳ್ದೆ ಇದ್ದಿದ್ರೆ ಅವನು ಕೊಟ್ಟವ್ನೆ ಅಂತ ನಿಂಗೆ ಹೆಂಗೋ ಗೊತ್ತಾಗ್ತಿತ್ತು?” ಎಂದ ಪಕ್ಕದಲ್ಲಿದ್ದವನು.

“ಗೊತ್ತಾಗಿ ನಂಗೇನು ಆಗ್ಬೇಕು?” ಎಂದ ಇವನು.

ಇಬ್ಬರೂ ನನ್ನ ಮುಖ ನೋಡಿದರು. ನನ್ನಲ್ಲಿ ಉತ್ತರ ಇರಲಿಲ್ಲ. “ಕತ್ತಲಾಯ್ತು, ಮನೆಗೆ ನಡೀರಿ, ಆಮೇಲೆ ಹೇಳ್ತೀನಿ” ಎಂದು ಕಳಿಸಿದೆ. ಬಂಗಾರಪೇಟೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಆ ಮಾತೇ ತಲೆಯಲ್ಲಿ. ಸರ್ಕಾರಿ ಪ್ರೌಢಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ಪಿ.ಟಿ. ಮೇಷ್ಟ್ರಾಗಿದ್ದೇನೆ. ಕೋಲಾರ ಜಿಲ್ಲೆಯ ನಮ್ಮ ಈ ಕಡೆಗೆ, ಕೆಜಿಎಫ್ ಸುತ್ತಿನ ಹಳ್ಳಿಗಳಿಗೆ, ಗಣಿಯ ಕಾಲದಲ್ಲಿ ಇಂಗ್ಲಿಷಿನವರ ಜೊತೆ ಬಂದ ಫುಟ್ಬಾಲ್ ಇನ್ನೂ ಹೋಗಿಲ್ಲ. ಚೆಂಡು, ನೆಟ್ಟು, ಜರ್ಸಿ ಏನು ಬೇಕೆಂದರೂ ನನಗೆ ಸಿಗುವ ಉತ್ತರ ಒಂದೇ: “ದಾನಿಗಳನ್ನ ಹುಡುಕಿ ಸಾರ್.” ಅಂದಮೇಲೆ ಕೊಡುವುದು, ಈಸಿಕೊಳ್ಳುವುದು, ಅದರ ಹಿಂದಿನ ಸಂಕಟ, ಇವೆಲ್ಲ ನನ್ನ ಉದ್ಯೋಗದ ಭಾಗವೇ. ಹುಡುಗನಿಗೆ ಉತ್ತರ ಕೊಡದೆ ಇರಲಾರೆ.

ಮಾನೆಯ ಕತೆ ವಿಡಿಯೊಗಳಲ್ಲಿ ಸಿನಿಮಾ ಆಗಿಬಿಟ್ಟಿದೆ. ಇದ್ದದ್ದು ಇಷ್ಟು. 1992ರಲ್ಲಿ ಬಂಬಾಲಿಯಲ್ಲಿ ಹುಟ್ಟಿದ. ಏಳು ವರ್ಷದವನಿದ್ದಾಗ ಅಪ್ಪ ಕಾಯಿಲೆಯಿಂದ ತೀರಿಕೊಂಡರು. ಊರಿನಲ್ಲಿ ಆಸ್ಪತ್ರೆ ಇರಲಿಲ್ಲ. ಹದಿನೈದರ ಸುಮಾರಿಗೆ ಆಟಕ್ಕಾಗಿ ಮನೆಯಲ್ಲಿ ಹೇಳದೆ ರಾಜಧಾನಿ ಡಾಕರ್‌ಗೆ ಓಡಿಹೋದ. ಅಲ್ಲಿಂದ ಫ್ರಾನ್ಸ್, ಆಸ್ಟ್ರಿಯಾ, ಇಂಗ್ಲೆಂಡ್. 2019ರಲ್ಲಿ ಲಿವರ್‌ಪೂಲ್ ಜೊತೆ ಯುರೋಪಿನ ದೊಡ್ಡ ಕಪ್ಪಾದ ಚಾಂಪಿಯನ್ಸ್ ಲೀಗ್ ಗೆದ್ದ. ಊರಿಗೆ ಮೊದಲು ಶಾಲೆ, ಆಮೇಲೆ 2021ರಲ್ಲಿ ಆಸ್ಪತ್ರೆ. ಆಸ್ಪತ್ರೆಗೆ ಕೊಟ್ಟದ್ದು ಸುಮಾರು 5 ಲಕ್ಷ ಪೌಂಡ್ ಎಂದು ಪತ್ರಿಕೆಗಳಲ್ಲಿ ಬಂತು. ಸಂಬಳವನ್ನು ವಾರದ ಲೆಕ್ಕದಲ್ಲಿ ಎಣಿಸುವ ಅವರ ಲೋಕದಲ್ಲಿ ಅದು ಕೆಲವು ವಾರಗಳ ದುಡ್ಡು. ಬಂಬಾಲಿಯಲ್ಲಿ ಅಪ್ಪನಿಗೆ ಸಂಕಟ ಬಂದ ರಾತ್ರಿ ಓಡಿಹೋಗಿ ಬಡಿಯಲಿಕ್ಕೆ ಒಂದು ಬಾಗಿಲು.

ಇಷ್ಟು ಓದಿದವರಿಗೆ ಯಾಕಪ್ಪಾ ಅನುಮಾನ ಎನಿಸಬಹುದು. ನನಗೆ ಅನುಮಾನ ಇತ್ತು. ಅದಕ್ಕೆ ಕಾರಣ ಒಂದು ಫೋಟೊ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ನಮ್ಮೂರ ಶಾಲೆಗೆ ಒಬ್ಬ ಸಾಹುಕಾರರು ಬಂದರು. ಒಬ್ಬೊಬ್ಬರಿಗೆ ಆರು ನೋಟ್‌ಬುಕ್ಕು, ಒಂದು ಜಾಮಿಟ್ರಿ ಬಾಕ್ಸು. ಅಂಗಳದಲ್ಲಿ ಶಾಮಿಯಾನ, ಮೇಜಿನ ಮೇಲೆ ಗುಲಾಬಿ ಬಣ್ಣದ ಬಟ್ಟೆ. ಪಟ್ಟಿ ಓದುತ್ತಿದ್ದವರು, “ತಂದೆ ಇಲ್ಲದ ಮಕ್ಕಳು ಈ ಕಡೆ ಮುಂದೆ ಬನ್ನಿ” ಎಂದರು. ನಾವು ನಾಲ್ಕು ಮಂದಿ. ನನ್ನ ಹೆಸರೇ ಮೊದಲು. ಕೈಚಾಚಿ ಪುಸ್ತಕದ ಕಟ್ಟು ತೆಗೆದುಕೊಂಡೆ. ಫ್ಲ್ಯಾಶ್ ಹೊಡೆಯಲಿಲ್ಲ. ಫೋಟೊದವನು, “ಇನ್ನೊಂದು ಸಲ ಸಾರ್” ಎಂದ. ಪುಸ್ತಕದ ಕಟ್ಟನ್ನು ವಾಪಸು ಕೊಟ್ಟೆ. ಮತ್ತೆ ಈಸಿಕೊಂಡೆ. “ಸ್ವಲ್ಪ ನಗು ಮರಿ, ಸಾಹುಕಾರರ ಕಡೆ ನೋಡು.” ನಕ್ಕೆ. ಮೂರನೇ ಸಲಕ್ಕೆ ಫ್ಲ್ಯಾಶ್ ಹೊಡೆಯಿತು.

ಆ ಫೋಟೊಗೆ ಕಟ್ಟು ಹಾಕಿಸಿ ಹೆಡ್‌ಮಾಸ್ಟರ್ ಕೋಣೆಯಲ್ಲಿ ತೂಗುಹಾಕಿದರು. ಸೀಮೆಸುಣ್ಣ ತರಲಿಕ್ಕೆ ಹೋದಾಗ, ಹಾಜರಿ ಪುಸ್ತಕ ಇಡಲಿಕ್ಕೆ ಹೋದಾಗ, ಗೋಡೆಯಿಂದ ನಾನೇ ನನ್ನನ್ನು ನೋಡಿ ನಗುತ್ತಿದ್ದೆ. ಅಪ್ಪ ಸತ್ತ ವರ್ಷ ಅದು. ಆ ಆರು ಪುಸ್ತಕದಲ್ಲಿ ನಾನು ಬರೆದೆ, ಕಲಿತೆ, ಆ ಉಪಕಾರವನ್ನು ಮರೆತಿಲ್ಲ. ಆದರೆ ಫೋಟೊದ ಮೂರು ಸಲದ ಕೈಚಾಚುವಿಕೆ ನನ್ನ ಮೈಯಲ್ಲಿ ಇನ್ನೂ ಇದೆ. ಯಾರಾದರೂ ದಾನದ ಸುದ್ದಿ ಹೇಳಿಕೊಂಡರೆ ಮೊದಲು ನನ್ನ ಕಣ್ಣು ಹುಡುಕುವುದು ಚೌಕಟ್ಟಿನ ಇನ್ನೊಂದು ತುದಿಯಲ್ಲಿರುವ ಮಗುವನ್ನು.

ಹಾಗಾಗಿ ಬಹಳ ವರ್ಷ ನಾನೂ ಆ ಅಜ್ಜಿಯ ಪಕ್ಷದಲ್ಲೇ ಇದ್ದೆ. ಕೊಡುವುದಿದ್ದರೆ ಸುಮ್ಮನೆ ಕೊಡಲಿ ಎನ್ನುತ್ತಿದ್ದೆ. ನನ್ನನ್ನು ಅಲ್ಲಿಂದ ಕದಲಿಸಿದ್ದು ಹುವಾನ್ ಮಾತಾ.

2017ರ ಆಗಸ್ಟ್. ಮಾತಾ ಆಗ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿದ್ದ ಸ್ಪೇನ್ ಆಟಗಾರ, ವಿಶ್ವಕಪ್ ಗೆದ್ದ ತಂಡದವನು. ತನ್ನ ಸಂಬಳದಲ್ಲಿ ನೂರಕ್ಕೆ ಒಂದು ಪಾಲನ್ನು ಇನ್ನು ಮೇಲೆ ಕೊಡುತ್ತೇನೆ, ಆಟದ ಮೂಲಕ ಮಕ್ಕಳ ಬದುಕು ಕಟ್ಟುವ ಸಂಸ್ಥೆಗಳಿಗೆ ಅದು ಹೋಗುತ್ತದೆ, ನೀವೂ ಬನ್ನಿ, ಮೊದಲು ಹನ್ನೊಂದು ಜನರ ಒಂದು ತಂಡ ಕಟ್ಟೋಣ ಎಂದು ಎಲ್ಲರೆದುರು ಹೇಳಿದ. ಅದಕ್ಕೆ ಇಟ್ಟ ಹೆಸರು ‘ಕಾಮನ್ ಗೋಲ್’. ಆ ಬೇಸಿಗೆಯಲ್ಲೇ ಅವನು ಮುಂಬೈಗೆ ಬಂದು, ಅಲ್ಲಿನ ಕೊಳೆಗೇರಿ ಮಕ್ಕಳಿಗೆ ಫುಟ್ಬಾಲ್ ಜೊತೆ ಓದನ್ನೂ ಕಲಿಸುವ ಆಸ್ಕರ್ ಫೌಂಡೇಷನ್‌ನ ಹುಡುಗರ ಜೊತೆ ಕಾಲ ಕಳೆದಿದ್ದ. ಈ ಯೋಜನೆಯ ಹಿಂದೆ ಇದ್ದವರು ಯುರ್ಗನ್ ಗ್ರೀಸ್‌ಬೆಕ್ ಎಂಬ ಜರ್ಮನ್. 1994ರ ವಿಶ್ವಕಪ್ಪಿನಲ್ಲಿ ತನ್ನದೇ ಗೋಲಿಗೆ ಚೆಂಡು ಹೊಡೆದ ಕೊಲಂಬಿಯಾದ ಆಂದ್ರೆಸ್ ಎಸ್ಕೊಬಾರ್‌ನನ್ನು ಮೆಡೆಯಿನ್ ನಗರದಲ್ಲಿ ಗುಂಡಿಟ್ಟು ಕೊಂದರಲ್ಲ, ಆ ಹೊತ್ತಿಗೆ ಗ್ರೀಸ್‌ಬೆಕ್ ಅದೇ ಊರಿನಲ್ಲಿದ್ದರು. ಆ ಸಾವೇ ಅವರನ್ನು ಬೀದಿಯ ಹುಡುಗರ ಫುಟ್ಬಾಲ್ ಕಡೆಗೆ ತಿರುಗಿಸಿತು.

ವಾರಕ್ಕೆ 1 ಲಕ್ಷ ಪೌಂಡ್ ಪಡೆಯುವ ಆಟಗಾರನಿಗೆ ನೂರಕ್ಕೆ ಒಂದು ಎಂದರೆ 1,000 ಪೌಂಡ್. ನಮ್ಮ ಲೆಕ್ಕದಲ್ಲಿ ವಾರಕ್ಕೆ ಲಕ್ಷ ರೂಪಾಯಿಗೂ ಮೇಲೆ. ಅವನ ಊಟದಲ್ಲಿ ಒಂದು ತುತ್ತೂ ಕಡಿಮೆಯಾಗುವುದಿಲ್ಲ. ಇಷ್ಟು ಸಣ್ಣದು ಕೊಡಲಿಕ್ಕೆ ಇಷ್ಟು ದೊಡ್ಡ ಪ್ರಚಾರವೇ ಎಂದು ನನಗೂ ಮೊದಲು ಅನ್ನಿಸಿತ್ತು. ಆದರೆ ಅವನು ಹೇಳಿಕೊಂಡದ್ದು ಮೊತ್ತವನ್ನಲ್ಲ, ಪಾಲನ್ನು. ‘ಇಷ್ಟು ಕೊಟ್ಟೆ’ ಎನ್ನುವ ಬದಲು ‘ಬಂದಾಗೆಲ್ಲ ಇಷ್ಟು ತೆಗೆದಿಡುತ್ತೇನೆ’ ಎಂದ. ಈ ಎರಡು ಮಾತಿನ ನಡುವಿನ ಅಂತರ ನನಗೆ ಹೊಳೆದದ್ದು ನಮ್ಮ ತಾತನ ಕಣ ನೆನಪಾದಾಗ.

ಅಪ್ಪ ಹೋದ ಮೇಲೆ ನಾವು ಬೆಳೆದದ್ದು ಅಮ್ಮನ ತವರಿನಲ್ಲಿ. ತಾತನಿಗೆ ಕೆರೆಯ ಕೆಳಗೆ ಒಂದಿಷ್ಟು ಗದ್ದೆ. ಕೆರೆ ತುಂಬಿದ ವರ್ಷ ಭತ್ತ. ಸಂಕ್ರಾಂತಿ ಆಚೀಚೆ ಕಣದಲ್ಲಿ ತೂರಿ, ರಾಶಿ ಮಾಡಿ, ರಾಶಿಯ ನೆತ್ತಿಯ ಮೇಲೆ ಸಗಣಿಯ ಬೆನಕ, ಅದಕ್ಕೆ ಗರಿಕೆ. ಪೂಜೆ ಮುಗಿಸಿ ತಾತ ತಲೆಯ ಟವೆಲ್ಲನ್ನು ಸೊಂಟಕ್ಕೆ ಸುತ್ತಿ ರಾಶಿಯ ಮುಂದೆ ಮಂಡಿಯೂರಿ ಕೂತು ಬಳ್ಳದಿಂದ ಅಳೆಯುತ್ತಿದ್ದರು. ಒಂದು ಎಂದು ಎಣಿಸುವಂತಿಲ್ಲ. “ಲಾಭ... ಎರಡು... ಮೂರು...” ಆ ದನಿ ದೇವಸ್ಥಾನದ ದನಿಯ ಹಾಗೆ. ಭತ್ತ ಬಳ್ಳದೊಳಗೆ ಬೀಳುವಾಗಿನ ಸರಸರ ಸದ್ದು, ಅಂಚಿನಲ್ಲಿ ಅಂಗೈಯಿಂದ ಒಮ್ಮೆ ಸವರಿ ಸಮ ಮಾಡುವುದು. ಒಂದು ಕಾಳೂ ಮನೆಗೆ ಹೋಗುವ ಮೊದಲು ಮೊದಲ ಪಾಲು ನೀರಗಂಟಿಗೆ. ವರ್ಷವಿಡೀ ತೂಬು ನೋಡಿಕೊಂಡು, ಸರದಿ ಪ್ರಕಾರ ಯಾರ ಗದ್ದೆಗೆ ಎಷ್ಟು ನೀರೆಂದು ಬಿಟ್ಟವನು ಅವನು. ಆಮೇಲೆ ಕಮ್ಮಾರ, ಬಡಗಿ, ಅಗಸ, ಹಜಾಮ, ತೋಟಿ. ಎಷ್ಟು ಬಳ್ಳ ಎನ್ನುವುದು ಊರಿಗೇ ಗೊತ್ತು. ಎಲ್ಲರೂ ನೋಡುತ್ತಿರುವಾಗಲೇ ಅಳೆಯಬೇಕು. ಕತ್ತಲಲ್ಲಿ ಮನೆ ಹಿತ್ತಲಿಗೆ ಕರೆದು ಕೊಡುವ ಹಾಗಿಲ್ಲ. ಹಾಗೆ ಕೊಟ್ಟರೆ ಒಂದು ವರ್ಷ ನಾಲ್ಕು ಬಳ್ಳ, ಇನ್ನೊಂದು ವರ್ಷ ಎರಡು, ಮತ್ತೊಂದು ವರ್ಷ ‘ಈ ಸಲ ಬೆಳೆ ಸರಿಯಿಲ್ಲಪ್ಪ’ ಆಗಿಬಿಡುತ್ತದೆ.

ಆ ಕಣವನ್ನು ನಾನು ಹಾಡಿ ಹೊಗಳಲಾರೆ. ಪಾಲು ಈಸಿಕೊಳ್ಳಲು ಬಂದವರಲ್ಲಿ ಕೆಲವರು ಕಣದೊಳಗೆ ಕಾಲಿಡುವಂತಿರಲಿಲ್ಲ. ಅಂಚಿನಲ್ಲಿ ಮಂಕರಿ ಹಿಡಿದು ನಿಂತಿರುತ್ತಿದ್ದರು, ತಲೆ ಬಗ್ಗಿಸಿ. ದುಡಿದ ಕೂಲಿ ಅದು, ನ್ಯಾಯವಾಗಿ ಬರಬೇಕಾದ ಪಾಲು. ಕೊಡುತ್ತಿದ್ದ ರೀತಿ ಮಾತ್ರ ಭಿಕ್ಷೆಯದು. ಆಗ ನನಗೆ ಹತ್ತು ಹನ್ನೊಂದು ವರ್ಷ. ಅಂಚಿನಲ್ಲಿ ನಿಂತವರಲ್ಲಿ ನನ್ನ ಬೆಂಚಿನ ಹುಡುಗನ ಅಪ್ಪನೂ ಇದ್ದರು. ಅವರಿಗೆ ಅಳೆಯುವಾಗ ತಾತ ಮುಖ ನೋಡುತ್ತಿರಲಿಲ್ಲ, ಅವರೂ ನೋಡುತ್ತಿರಲಿಲ್ಲ. ಎಲ್ಲರೆದುರು ಅಳೆದದ್ದು ಸರಿ. ಈಸಿಕೊಳ್ಳುವವರನ್ನು ಎಲ್ಲರೆದುರು ಬಗ್ಗಿಸಿ ನಿಲ್ಲಿಸಿದ್ದು ತಪ್ಪು. ನಾವು ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟು, ಬಿಚ್ಚಲಿಕ್ಕೆ ಬಾರದೆ, ಇಡೀ ಗಂಟನ್ನೇ ‘ಆಡಂಬರ’ ಎಂದು ಪಕ್ಕಕ್ಕೆ ತಳ್ಳುತ್ತೇವೆ.

ಅದೇ ಕೆರೆಯ ಏರಿಯ ಮೇಲೆ ಒಂದು ಶಾಸನದ ಕಲ್ಲಿತ್ತು. ನಾವು ಸೈಕಲ್ ಒರಗಿಸುತ್ತಿದ್ದ ಕಲ್ಲು. ಮೇಲ್ಗಡೆ ಸೂರ್ಯ, ಚಂದ್ರ. ಕೆಳಗಿನ ಅಕ್ಷರ ನಮಗಾರಿಗೂ ಓದಲು ಬರುತ್ತಿರಲಿಲ್ಲ. ಕೋಲಾರದ ಕಡೆಯ ಶಾಸನಗಳನ್ನೆಲ್ಲ ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೇ ಸಂಪುಟದಲ್ಲಿ ಸೇರಿಸಿದ್ದಾರೆ ಎಂದು ಗೊತ್ತಾದದ್ದು ನಾನು ಮೇಷ್ಟ್ರಾದ ಮೇಲೆ, ನಮ್ಮ ಶಾಲೆಯ ಇತಿಹಾಸದ ಮೇಡಂ ಹೇಳಿ. ಕೆರೆಗಳ ಶಾಸನಗಳಲ್ಲಿ ಬರುವ ಒಂದು ಮಾತು ‘ಬಿತ್ತುವಟ್ಟ’. ಕೆರೆಯ ನೀರಿನಿಂದ ಬೆಳೆದದ್ದರಲ್ಲಿ ಕೆರೆಯನ್ನು ಕಟ್ಟಿ ಕಾಪಾಡುವುದಕ್ಕೆಂದು ಬಿಡುವ ಪಾಲು. ನೀರು ಎಲ್ಲಿಂದ ಬಂತೋ ಅಲ್ಲಿಗೆ ಬೆಳೆಯ ಒಂದು ಭಾಗ ಹಿಂದಕ್ಕೆ. ಬಂಬಾಲಿಯ ಆಸ್ಪತ್ರೆಯನ್ನು ನಾನು ಈಗ ನೋಡುವುದು ಹೀಗೆ: ಅದು ಮಾನೆಯ ಬಿತ್ತುವಟ್ಟ.

ಶಾಸನಗಳ ಕೊನೆಯಲ್ಲಿ ಬರುವ ಶಾಪ ನಿಮಗೂ ಗೊತ್ತಿರಬಹುದು. ‘ಸ್ವದತ್ತಾಂ ಪರದತ್ತಾಂ ವಾ’ ಎಂದು ಶುರುವಾಗುತ್ತದೆ. ತಾನೇ ಕೊಟ್ಟದ್ದಾಗಲಿ, ಬೇರೆಯವರು ಕೊಟ್ಟದ್ದಾಗಲಿ, ಕಿತ್ತುಕೊಂಡವನು 60,000 ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮೊದಲ ಪದ: ‘ಸ್ವದತ್ತಾಂ’, ತಾನೇ ಕೊಟ್ಟದ್ದು. ಕಲ್ಲು ನೆಡಿಸಿದವನು ಶಾಪ ಹಾಕಿಸಿಕೊಂಡದ್ದು ಮೊದಲು ತನಗೇ. ನಾಳೆ ನನ್ನ ಮನಸ್ಸು ಸಣ್ಣದಾದರೆ ಈ ಕಲ್ಲು ನನ್ನ ವಿರುದ್ಧ ಸಾಕ್ಷಿ ಹೇಳಲಿ ಎಂದು. ನಂದಿಯ ಭೋಗನಂದೀಶ್ವರನ ಗುಡಿಗೆ ಒಂಬತ್ತನೇ ಶತಮಾನದ ಆರಂಭದಲ್ಲಿ ಕೊಟ್ಟದ್ದನ್ನು ನಾವು ಇವತ್ತು ಓದಬಹುದಾಗಿರುವುದು ಕೊಟ್ಟವರು ಅದನ್ನು ಬರೆಸಿದ್ದರಿಂದ. ಅದನ್ನೆಲ್ಲ ಬಡಾಯಿ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಮಾತಾ ಎಲ್ಲರೆದುರು ಹೇಳಿದ್ದೂ ಒಂದು ಕಲ್ಲು ನೆಟ್ಟ ಹಾಗೆಯೇ. ಅವನ ಮಾತು ಕೇಳಿ ಜರ್ಮನಿಯ ಮ್ಯಾಟ್ಸ್ ಹುಮೆಲ್ಸ್ ಬಂದ, ಇಟಲಿಯ ಕಿಯೆಲ್ಲೀನಿ ಬಂದ. ಅಮೆರಿಕದ ಹೆಣ್ಣುಮಕ್ಕಳ ತಂಡದ ಮೇಗನ್ ರಪಿನೊ, ಅಲೆಕ್ಸ್ ಮಾರ್ಗನ್ ಬಂದರು. ಗಂಡಸರ ಸಂಬಳದ ಪಕ್ಕದಲ್ಲಿ ತಮ್ಮ ಸಂಬಳ ಏನೇನೂ ಅಲ್ಲದಿದ್ದರೂ ಬಂದರು. ಇದನ್ನು ನಾನು ನಮ್ಮ ಶಾಲೆಯ ಹುಡುಗಿಯರಿಗೆ ಬೇಕೆಂದೇ ಹೇಳುತ್ತೇನೆ. 2019ರಲ್ಲಿ ಆಗ ಲಿವರ್‌ಪೂಲ್ ಕೋಚ್ ಆಗಿದ್ದ ಯುರ್ಗನ್ ಕ್ಲಾಪ್ ಸೇರಿದರು. ಒಬ್ಬ ಸುಮ್ಮನೆ ಕೊಟ್ಟಿದ್ದರೆ ಒಬ್ಬನದೇ ಪಾಲು ಬರುತ್ತಿತ್ತು. ಹೇಳಿ ಕೊಟ್ಟದ್ದರಿಂದ ಇಷ್ಟು ಜನರದು ಬಂತು. ಹಾಗಂತ ಆಟದ ಲೋಕವೇ ಎದ್ದು ಬಂತೆಂದು ಹೇಳಲಾರೆ. ಅತಿ ಹೆಚ್ಚು ಸಂಬಳದ ದೊಡ್ಡ ಹೆಸರುಗಳು ಬಹುಪಾಲು ಆ ಪಟ್ಟಿಯಲ್ಲಿಲ್ಲ. ಅವರಲ್ಲಿ ಕೆಲವರು ತಮ್ಮದೇ ಟ್ರಸ್ಟು ಮಾಡಿಕೊಂಡು ಕೊಡುತ್ತಾರೆ, ಅದು ಅವರಿಷ್ಟ. ಆದರೆ ಎಲ್ಲರಿಗೂ ಒಂದೇ ಅಳತೆ, ಒಂದೇ ಕಣ ಎನ್ನುವ ಮಾತಾನ ಆಸೆಗೆ ಅವರು ಬಂದಿದ್ದರೆ ಎಷ್ಟು ಬಲ ಇರುತ್ತಿತ್ತು ಎಂದು ನನಗೆ ಬೇಸರವಾಗುತ್ತದೆ.

ಕೇಳುವವರು ಯಾರು ಎನ್ನುವುದೂ ಮುಖ್ಯ. 2020ರ ಏಪ್ರಿಲ್ 2. ಕೊರೊನಾದಲ್ಲಿ ಲಂಡನ್ನಿನ ಆಸ್ಪತ್ರೆಗಳು ತುಂಬಿದ್ದವು. ಅಲ್ಲಿನ ಆರೋಗ್ಯ ಸಚಿವ ಮ್ಯಾಟ್ ಹ್ಯಾನ್‌ಕಾಕ್ ದಿನದ ಪತ್ರಿಕಾಗೋಷ್ಠಿಯಲ್ಲಿ, ಇಂಗ್ಲೆಂಡಿನ ದೊಡ್ಡ ಫುಟ್ಬಾಲ್ ಲೀಗಾದ ಪ್ರೀಮಿಯರ್ ಲೀಗ್‌ನ ಆಟಗಾರರು ಸಂಬಳ ಕಡಿಮೆ ಮಾಡಿಕೊಂಡು ತಮ್ಮ ಪಾಲಿನ ಕರ್ತವ್ಯ ಮಾಡಬೇಕು ಎಂದರು. ಬ್ಯಾಂಕಿನವರ ಹೆಸರು ಎತ್ತಲಿಲ್ಲ, ಕ್ಲಬ್ಬುಗಳ ಮಾಲೀಕರ ಹೆಸರು ಎತ್ತಲಿಲ್ಲ. ಆಟಗಾರರ ಸಂಘ ಲೆಕ್ಕ ಹಾಕಿ ಉತ್ತರ ಕೊಟ್ಟಿತು: ವರ್ಷಕ್ಕೆ ಶೇಕಡ 30ರಷ್ಟು ಸಂಬಳ ಕಡಿತ ಮಾಡಿದರೆ ಸರ್ಕಾರಕ್ಕೆ ಬರುವ ತೆರಿಗೆಯಲ್ಲೇ 20 ಕೋಟಿ ಪೌಂಡ್‌ಗೂ ಹೆಚ್ಚು ಕಡಿಮೆಯಾಗುತ್ತದೆ, ಅದು ಆಸ್ಪತ್ರೆಗೆ ಹೋಗುವ ದುಡ್ಡು, ಉಳಿತಾಯ ಮಾಲೀಕರ ಜೇಬಿಗೆ. ಅಷ್ಟರಲ್ಲಿ ಲಿವರ್‌ಪೂಲ್ ಕ್ಯಾಪ್ಟನ್ ಜೋರ್ಡನ್ ಹೆಂಡರ್ಸನ್ ಬೇರೆ ಕ್ಯಾಪ್ಟನ್‌ಗಳಿಗೆಲ್ಲ ಫೋನ್ ಮಾಡುತ್ತಿದ್ದ. ಏಪ್ರಿಲ್ 8ಕ್ಕೆ ಆಟಗಾರರೇ ಸೇರಿ ಒಂದು ನಿಧಿ ಮಾಡಿ, ಸರ್ಕಾರಿ ಆಸ್ಪತ್ರೆಗಳ ದತ್ತಿಗೆ ಕೊಡುತ್ತೇವೆ ಎಂದರು. ಯಾರು ಎಷ್ಟು ಎಂದು ಹೇಳಲಿಲ್ಲ. ಎಲ್ಲರ ಹೆಸರಿನಲ್ಲಿ ಒಂದೇ ಮಾತು.

ಆ ದಿನಗಳಲ್ಲಿ ಶಾಲೆ ಮುಚ್ಚಿ ಮನೆಯಲ್ಲಿ ಕೂತಿದ್ದ ನನಗೆ ಆ ಸಚಿವರ ಮಾತು ಓದಿ ಸಿಟ್ಟು ಬಂದಿತ್ತು. ಯಾಕೆಂದು ಆಮೇಲೆ ಅರ್ಥವಾಯಿತು. ಫುಟ್ಬಾಲ್ ಆಡಿ ಸಾಹುಕಾರರಾದವರು ಹೆಚ್ಚಿನಂಶ ಬಡವರ ಮನೆಯ ಹುಡುಗರು. ಬಡವನಿಗೆ ದುಡ್ಡು ಬಂದಾಗ ಮಾತ್ರ ಲೋಕಕ್ಕೆ ಲೆಕ್ಕ ಕೇಳುವ ಆಸೆ ಹುಟ್ಟುತ್ತದೆ. ಮೊದಲಿನಿಂದ ಇದ್ದವನ ದುಡ್ಡಿಗೆ ಯಾರೂ ಲೆಕ್ಕ ಕೇಳುವುದಿಲ್ಲ. ಇಂಗ್ಲೆಂಡಿನಲ್ಲೇ 1961ರವರೆಗೆ ಆಟಗಾರರಿಗೆ ಸಂಬಳದ ಮಿತಿ ಇತ್ತು, ವಾರಕ್ಕೆ 20 ಪೌಂಡ್. ಗ್ಯಾಲರಿ ತುಂಬಿ ತುಳುಕುತ್ತಿತ್ತು, ದುಡ್ಡು ಕ್ಲಬ್ಬಿನಲ್ಲೇ ಉಳಿಯುತ್ತಿತ್ತು. ಜಿಮ್ಮಿ ಹಿಲ್ ಮುಂದಾಳಾಗಿ ಆಟಗಾರರು ಮುಷ್ಕರ ಹೂಡುತ್ತೇವೆ ಎಂದು ಹಟ ಹಿಡಿದ ಮೇಲೆ ಮಿತಿ ಹೋಯಿತು. ಜಾನಿ ಹೇನ್ಸ್ ವಾರಕ್ಕೆ 100 ಪೌಂಡ್ ಪಡೆದ ಮೊದಲಿಗನಾದ. ಇವತ್ತಿನ ಲಕ್ಷದ ಸಂಬಳ ಯಾರೂ ಉಡುಗೊರೆ ಕೊಟ್ಟದ್ದಲ್ಲ. ಅದೂ ಎಲ್ಲ ಆಟಗಾರರಿಗೂ ಇಲ್ಲ: 2025ರಲ್ಲಿ ಭಾರತದ ಫುಟ್ಬಾಲ್ ಲೀಗ್ ಐಎಸ್‌ಎಲ್ ನಡೆಯುತ್ತದೋ ಇಲ್ಲವೋ ಎನ್ನುವ ಗೊಂದಲದಲ್ಲಿ ನಮ್ಮ ದೇಶದಲ್ಲೇ ಆಟಗಾರರ ಸಂಬಳ ನಿಂತುಹೋಯಿತು. ಅವರನ್ನು ನಿಲ್ಲಿಸಿಕೊಂಡು ‘ನೀವೆಷ್ಟು ಕೊಡ್ತೀರಿ’ ಎಂದು ಕೇಳಲಾಗುತ್ತದೆಯೇ?

ನಮಗೂ ಕಡಿತದ ಅನುಭವ ಇದೆ. ಬರ ಬಂತು, ನೆರೆ ಬಂತು ಎಂದಾಗ ಸರ್ಕಾರಿ ನೌಕರರ ಒಂದು ದಿನದ ಸಂಬಳ ಹಿಡಿಯುತ್ತಾರೆ. ನಾನು ಬೇಡ ಎಂದವನಲ್ಲ. ಆದರೆ ಅದನ್ನು ಕೊಟ್ಟೆ ಎಂದು ನನಗೆ ಯಾವತ್ತೂ ಅನ್ನಿಸಿಲ್ಲ, ಸಂಬಳದ ಚೀಟಿಯಲ್ಲಿ ಒಂದು ಸಾಲು ಅದು.

ನನಗೆ ಹೆಚ್ಚು ಹತ್ತಿರವಾಗುವುದು ಗಣಿಯ ಲೆಕ್ಕ. ಕೆಜಿಎಫ್‌ನಲ್ಲಿ 1880ರಿಂದ ಜಾನ್ ಟೇಲರ್ ಕಂಪನಿ ಚಿನ್ನ ತೆಗೆಯಿತು, ಸ್ವಾತಂತ್ರ್ಯ ಬಂದ ಮೇಲೆ ನಮ್ಮದೇ ಸರ್ಕಾರ ತೆಗೆಯಿತು. 1902ರಲ್ಲಿ ಶಿವನಸಮುದ್ರದಿಂದ ತಂತಿ ಎಳೆದು ಮೊದಲು ಕರೆಂಟು ಕೊಟ್ಟದ್ದು ಈ ಗಣಿಗೆ. ಮೂರು ಕಿಲೋಮೀಟರಿಗೂ ಆಳಕ್ಕೆ ಜನ ಇಳಿದರು. ಪಾಲಾರ್ ಹೊಳೆಯ ಬೇತಮಂಗಲದ ಕೆರೆ ಆ ಊರಿಗೆ ನೀರು ಕುಡಿಸಿತು. ಸುಮಾರು 800 ಟನ್ ಚಿನ್ನ ಹೋಯಿತು. 2001ರ ಫೆಬ್ರವರಿ 28ಕ್ಕೆ ಬೀಗ ಹಾಕಿದರು. ಉಳಿದದ್ದು ಚಿನ್ನ ಬೇರ್ಪಡಿಸಿ ಬಿಸಾಡಿದ ಮಣ್ಣಿನ ಸೈನೈಡ್ ದಿಬ್ಬಗಳು; ಗಾಳಿ ಬೀಸಿದ ದಿನ ಮೈದಾನದಲ್ಲಿ ನನ್ನ ಹುಡುಗರ ಕಣ್ಣಿಗೆ ಆ ದೂಳೇ ಬೀಳುತ್ತದೆ. ಇವತ್ತೂ ಬೆಳಗಿನ ರೈಲಿನಲ್ಲಿ ಮಾರಿಕುಪ್ಪಂನಿಂದ, ಬಂಗಾರಪೇಟೆಯಿಂದ ಸಾವಿರಾರು ಜನ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಇಷ್ಟು ಚಿನ್ನ ಹೋದ ಜಾಗಕ್ಕೆ ಬಿತ್ತುವಟ್ಟದ ಹಾಗೆ ನೂರಕ್ಕೆ ಒಂದು ಪಾಲು, ಒಂದೇ ಪಾಲು, ಪ್ರತಿ ವರ್ಷ ಊರೆದುರಿಗೆ ಅಳೆದು ಇಟ್ಟಿದ್ದರೆ? ಒಂದು ಜಾಗದಿಂದ ಸಂಪತ್ತು ಹೊರಟು ಹೋಗುವುದನ್ನು ಕಂಡವರಿಗೆ ಬಂಬಾಲಿಯ ಹುಡುಗ ಹಿಂದಿರುಗಿ ಬಂದದ್ದು ಬರೀ ಒಳ್ಳೆಯತನದ ಕತೆಯಾಗಿ ಕೇಳಿಸುವುದಿಲ್ಲ. ಸಾಲ ತೀರಿಸಿದ ಕತೆಯಾಗಿ ಕೇಳಿಸುತ್ತದೆ.

ಇಲ್ಲಿ ಒಂದು ಅಪಾಯವಿದೆ, ಮೇಷ್ಟ್ರಾಗಿ ಅದನ್ನು ದಿನಾ ನೋಡುತ್ತೇನೆ. ದಾನಿ ಸಿಕ್ಕಿದ ಕೂಡಲೇ ಕೊಡಬೇಕಾದವರು ಕೈ ತೊಳೆದುಕೊಳ್ಳುತ್ತಾರೆ. ಶೌಚಾಲಯಕ್ಕೆ ಬಾಗಿಲಿಲ್ಲ ಎಂದರೂ ‘ದಾನಿಗಳನ್ನ ಹುಡುಕಿ’. ಬಂಬಾಲಿಯಲ್ಲಿ ಆಸ್ಪತ್ರೆ ಕಟ್ಟಬೇಕಾದದ್ದು ಸರ್ಕಾರ. ಒಬ್ಬ ಮಗ ಚೆಂಡು ಒದೆಯುವುದರಲ್ಲಿ ಜಾಣನಾಗಿ ಹುಟ್ಟದಿದ್ದರೆ ಆ ಊರು ಏನು ಮಾಡಬೇಕಿತ್ತು? ಇದಕ್ಕೇ ನನಗೆ ಇಂಗ್ಲೆಂಡಿನ ಆಟಗಾರ ಮಾರ್ಕಸ್ ರಾಶ್‌ಫರ್ಡ್ ದೊಡ್ಡವನಾಗಿ ಕಾಣುವುದು. ಒಬ್ಬಳೇ ದುಡಿದು ಸಾಕಿದ ಅಮ್ಮನ ಮಗ, ಶಾಲೆಯ ಬಿಟ್ಟಿ ಊಟ ಉಂಡು ಬೆಳೆದವನು. 2020ರಲ್ಲಿ ಹಸಿದವರಿಗೆ ಊಟ ತಲುಪಿಸುವ ಫೇರ್‌ಶೇರ್ ಸಂಸ್ಥೆಯ ಜೊತೆ ನಿಂತು ದುಡ್ಡು ಕೂಡಿಸಿದ. ಅಲ್ಲಿಗೇ ನಿಲ್ಲಿಸಲಿಲ್ಲ. ಬೇಸಿಗೆ ರಜೆಯಲ್ಲಿ ಬಡ ಮಕ್ಕಳ ಊಟದ ಚೀಟಿ ನಿಲ್ಲಿಸುತ್ತೇವೆ ಎಂದ ಸರ್ಕಾರಕ್ಕೆ ಜೂನ್ 15ರಂದು ಬಹಿರಂಗ ಪತ್ರ ಬರೆದ, ತಾನು ಹಸಿದಿದ್ದನ್ನು ಮುಚ್ಚಿಡದೆ. ಮಾರನೇ ದಿನ ಸರ್ಕಾರ ತೀರ್ಮಾನ ಬದಲಿಸಿತು. 12 ಕೋಟಿ ಪೌಂಡ್, ಸುಮಾರು 13 ಲಕ್ಷ ಮಕ್ಕಳಿಗೆ. ತನ್ನ ಸಂಬಳ ಪೂರ್ತಿ ಸುರಿದರೂ ಅವನಿಂದ ಅಷ್ಟು ಆಗುತ್ತಿರಲಿಲ್ಲ. ಬಾಯಿಬಿಟ್ಟು ಹೇಳಿದ್ದರಿಂದ ಆಯಿತು.

ನಮ್ಮಲ್ಲಿ 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಬೇಯಿಸಿದ ಊಟ ಕೊಡಲೇಬೇಕು ಎಂದಿತು. ‘ಅಕ್ಷರ ದಾಸೋಹ’ ಬಂತು. ಮಧ್ಯಾಹ್ನ ಗಂಟೆ ಹೊಡೆದ ಕೂಡಲೇ ತಟ್ಟೆ ಹಿಡಿದು ಓಡುವ ಮಕ್ಕಳನ್ನು ನೋಡುವಾಗ ನನ್ನ ನೋಟ್‌ಬುಕ್ಕಿನ ದಿನ ನೆನಪಾಗುತ್ತದೆ. ಈ ಊಟಕ್ಕೆ ಯಾವ ಮಗುವೂ ಯಾರ ಕಡೆಯೂ ನೋಡಿ ನಗಬೇಕಾಗಿಲ್ಲ. 2024ರಿಂದ ಅದೇ ತಟ್ಟೆಗೆ ವಾರದಲ್ಲಿ ಆರು ದಿನ ಮೊಟ್ಟೆ ಬೀಳುವಂತಾಯಿತು. ಎರಡು ದಿನದ್ದು ಸರ್ಕಾರದ್ದು, ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಷನ್‌ದು. ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿ ಎಂದು ಒಪ್ಪಂದ ಮಾಡಿಕೊಂಡು ಎಲ್ಲರಿಗೂ ತಿಳಿಯುವಂತೆ ಹೇಳಿದರು. ಗೋಡೆಗೆ ಒರಗಿ ಮೊಟ್ಟೆಯ ಸಿಪ್ಪೆ ಸುಲಿಯುವ ಹುಡುಗಿಗೆ ಇವತ್ತಿನದು ಯಾರ ಮೊಟ್ಟೆ ಎಂದು ಗೊತ್ತಿಲ್ಲ, ಅವಳ ಫೋಟೊ ಯಾರ ಆಫೀಸಿನಲ್ಲೂ ಇಲ್ಲ. ನನಗೆ ಬೇಕಾದದ್ದು ಇದೇ: ಕೊಡುವವನ ಹೆಸರು, ಅವನ ಪಾಲು ಎಷ್ಟು, ಯಾವತ್ತಿನವರೆಗೆ, ಇಷ್ಟೂ ಕಲ್ಲಿನ ಮೇಲೆ ಬರೆದಷ್ಟು ಸ್ಪಷ್ಟವಾಗಿ ಇರಲಿ. ಈಸಿಕೊಳ್ಳುವ ಮಗುವಿನ ಮುಖ ಎಲ್ಲೂ ಬೇಡ.

ಹೋದ ವರ್ಷ ಜೂನ್‌ನಲ್ಲಿ ನನ್ನ ಹಳೆಯ ಹುಡುಗನೊಬ್ಬ ಶಾಲೆಗೆ ಬಂದಿದ್ದ. ಇದೇ ಮೈದಾನದಲ್ಲಿ ಬರಿಗಾಲಲ್ಲಿ ಆಡಿ, ಸ್ಪೋರ್ಟ್ಸ್ ಕೋಟಾದಲ್ಲಿ ರೈಲ್ವೆಗೆ ಸೇರಿದವನು. ಬ್ಯಾಗಿನಲ್ಲಿ ನಾಲ್ಕು ಜೊತೆ ಸ್ಟಡ್ಸ್ ಬೂಟು, ಒಂದು ಜೊತೆ ಕೀಪರ್ ಗ್ಲೌಸ್.

“ಪ್ರತಿ ವರ್ಷ ತರ್ತೀನಿ ಸಾರ್. ಸಂಬಳದಲ್ಲಿ ನೂರಕ್ಕೆ ಎರಡು ಅಂತ ಎತ್ತಿಡ್ತಾ ಇದೀನಿ. ಆದ್ರೆ ನನ್ ಹೆಸರು ಎಲ್ಲೂ ಹೇಳ್ಬೇಡಿ.”

“ಯಾಕಪ್ಪ?”

“ಊರಲ್ಲಿ ದೊಡ್ಡ ಮನುಷ್ಯ ಆಗ್ಬಿಟ್ಟ ಅಂತಾರೆ ಸಾರ್.”

“ಅನ್ಲಿ ಬಿಡು. ಮೂರು ವರ್ಷ ಆದ್ಮೇಲೆ ಮದುವೆ ಆಗ್ತದೆ, ಮನೆ ಸಾಲ ಬರ್ತದೆ. ಆಗ ನೀನು ಮರೀದೆ ಇರ್ಬೇಕಲ್ಲ, ಅದಕ್ಕೆ ಬರೀಬೇಕು.”

ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಅವನೇ ಪೆನ್ನು ಈಸಿಕೊಂಡ. ಆಟದ ಸಾಮಾನಿನ ಬೀರುವಿನ ಬಾಗಿಲ ಒಳಗಡೆಗೆ ಒಂದು ಹಾಳೆ ಅಂಟಿಸಿದೆವು. ಅವನ ಹೆಸರು, ಪಕ್ಕದಲ್ಲಿ ‘ಪ್ರತಿ ಜೂನ್, ಸಂಬಳದಲ್ಲಿ ನೂರಕ್ಕೆ ಎರಡು’. ಸಮಾರಂಭ ಇಲ್ಲ, ಶಾಮಿಯಾನ ಇಲ್ಲ. ಬೀರುವಿನ ಬೀಗದ ಕೈ ಮೊಳೆಗೆ ನೇತುಹಾಕಿರುತ್ತದೆ. ಬೇಕಾದವರು ತೆಗೆದುಕೊಂಡು ಆಡಿ, ಮಣ್ಣು ಒರೆಸಿ, ವಾಪಸು ಇಡಬೇಕು. ಈ ಜೂನ್‌ನಲ್ಲಿ ಅವನು ಬಂದ. ಅವನ ಹೆಸರಿನ ಕೆಳಗೆ ಇನ್ನೂ ಎರಡು ಹೆಸರು ಸೇರಿವೆ. ಒಬ್ಬಳು ಮಾಲೂರಿನ ಕಾರ್ಖಾನೆಯಲ್ಲಿ ಕೆಲಸಕ್ಕಿರುವ ನಮ್ಮ ಹಳೆಯ ಡಿಫೆಂಡರ್. ಅವಳು ನೂರಕ್ಕೆ ಒಂದು ಎಂದು ಬರೆದಿದ್ದಾಳೆ.

ಇವತ್ತು ಸಂಜೆ ಗೋಲ್‌ಕೀಪರನ್ನು ಬೀರುವಿನ ಹತ್ತಿರ ಕರೆದುಕೊಂಡು ಹೋಗಿ ಆ ಹಾಳೆ ತೋರಿಸಿದೆ. ಬೆರಳಿಟ್ಟು ನಿಧಾನವಾಗಿ ಓದಿದ.

“ನೂರಕ್ಕೆ ಒಂದು ಅಂದ್ರೆ, ಹದಿನೈದು ಸಾವಿರಕ್ಕೆ ಎಷ್ಟು ಸಾರ್?”

“ನೀನೇ ಹೇಳು.”

ಗೋಡೆಯ ಮೇಲೆ ಬೆರಳಲ್ಲೇ ಲೆಕ್ಕ ಹಾಕಿದ. “ನೂರೈವತ್ತು. ವರ್ಷಕ್ಕೆ... ಸಾವಿರದ ಎಂಟ್ನೂರು.” ಬೀರುವಿನೊಳಗೆ ಬಗ್ಗಿ ನೋಡಿದ. “ಹಂಗಾದ್ರೆ ಈ ಎರಡು ಜೊತೆ ಅಕ್ಕಂದು.”

ಅದರಲ್ಲಿ ಒಂದು ಜೊತೆ ತೆಗೆದು ಕಾಲಿಗೆ ಹಾಕಿಕೊಂಡ. ಎರಡು ಬೆರಳಿನಷ್ಟು ದೊಡ್ಡದು. ಮೇಜಿನ ಮೇಲಿದ್ದ ಹಳೆಯ ಪೇಪರು ಹರಿದು, ಉಂಡೆ ಮಾಡಿ, ಮುಂದಕ್ಕೆ ತುರುಕಿ, ದಾರ ಬಿಗಿದು ಎದ್ದು ನಿಂತ. ನಾಲ್ಕು ಹೆಜ್ಜೆ ಹಾಕಿ ನೋಡಿ, ಮೈದಾನದ ಕಡೆಗೆ ಓಡಿದ.